ಭಾನು ಇಪ್ಪತ್ತು ಪ್ಲಸ್‌ನ ಬಿಸಿ

ಬೆಳಿಗ್ಗೆ ಹತ್ತೂವರೆಗೆ ಜಂಬಮ್ಮ ಗೋಣಿಚೀಲದ ಮೇಲೆ ಕೂತು ಹಳೆಯ ಕಂಪ್ಯೂಟರೊಂದನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡಿದ್ದರು. ಅದರ ತಳದ ನಾಲ್ಕು ರಬ್ಬರ್ ಕಾಲುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಒತ್ತಿ ನೋಡಿದರು. ಹಿಂದಿನ ಎಡಗಾಲು ಉಳಿದವುಗಳಿಗಿಂತ ಚಪ್ಪಟೆಯಾಗಿತ್ತು.

"ಇದು ಇಪ್ಪತ್ನಾಕು. ತೆಗೀರಿ ಇದನ್ನ."

ರಾಯಚೂರಿನ ತೀನ್ ಕಂದೀಲ್ ವೃತ್ತದ ಹಿಂದಿನ ಓಣಿಯಲ್ಲಿ ಅವರ ತಗಡಿನ ಶೆಡ್ಡು ಇದೆ. ಕೆಟ್ಟ ಕಂಪ್ಯೂಟರುಗಳನ್ನು ಕೊಂಡು, ಬಿಡಿಭಾಗ ಬಿಚ್ಚಿ, ರಿಪೇರಿಯವರಿಗೆ ಮಾರುವುದು ಅವರ ಕೆಲಸ. ಅಂದು ಎದುರಿಗೆ ಕೂತಿದ್ದವರು ಮಾನ್ವಿಯಿಂದ ಬಂದಿದ್ದ ನಿವೃತ್ತ ಶಿಕ್ಷಕಿ ಚನ್ನಮಲ್ಲಮ್ಮ. ವಯಸ್ಸು ಎಪ್ಪತ್ತಾರು. ಅವರ ಮಡಿಲಲ್ಲೊಂದು ಹಳೆಯ ಪಂಚಾಂಗ, ಅದರ ಹಾಳೆಗಳ ನಡುವೆ ಅಂಗೈಯಗಲದ ಒಂದು ಫ್ಲಾಪಿ ಡಿಸ್ಕ್.

ತೊಂಬತ್ತರ ದಶಕದ ಆರಂಭದಲ್ಲಿ ಚನ್ನಮಲ್ಲಮ್ಮ ಮಲ್ಲಟದ ಶಾಲೆಯಲ್ಲಿದ್ದರು. ಹೆಂಗಸರು ಗಂಡನ ಹೆಸರನ್ನು ಪ್ರಾಸ ಕಟ್ಟಿ ಹೇಳುವ ಒಡಪುಗಳನ್ನು ಮನೆಮನೆಗೆ ಹೋಗಿ ಬರೆದುಕೊಂಡರು. ಒಟ್ಟು ಒಂಬೈನೂರ ಹದಿನಾಲ್ಕು. ಪ್ರತಿಯೊಂದರ ಕೆಳಗೂ ಹೇಳಿದವಳ ಹೆಸರು. ಕನ್ನಡ ಅಕ್ಷರ ಮೂಡುವ ಕಂಪ್ಯೂಟರ್ ದೇವದುರ್ಗದ ಒಂದು ತರಬೇತಿ ಕೇಂದ್ರದಲ್ಲಿದೆ ಎಂದು ಕೇಳಿ, ರಜೆಯ ದಿನ ಬಸ್ಸು ಹತ್ತಿ ಹೋಗಿ ಎಲ್ಲವನ್ನೂ ಟೈಪು ಮಾಡಿಟ್ಟರು. ಆಮೇಲೆ ನೋಟುಪುಸ್ತಕಗಳನ್ನು ಗೆದ್ದಲು ತಿಂದವು. ಉಳಿದದ್ದು ಈ ಡಿಸ್ಕ್ ಒಂದೇ.

ಆ ಕೇಂದ್ರದಲ್ಲಿದ್ದವು ಹೈದರಾಬಾದಿನ ಭಾನು ಎಂಬ ಸಣ್ಣ ಕಂಪನಿಯ ಯಂತ್ರಗಳು. ಕಂಪನಿ ಮುಚ್ಚಿ ಮೂವತ್ತು ವರ್ಷವಾಗುತ್ತ ಬಂತು. ಭಾನು ಇಪ್ಪತ್ತು, ಇಪ್ಪತ್ತು ಪ್ಲಸ್, ಇಪ್ಪತ್ತನಾಲ್ಕು ಎಂಬ ಮೂರು ಮಾದರಿಗಳಿಗೂ ಕಂಪನಿ ಒಂದೇ ಅಚ್ಚಿನ ಡಬ್ಬಿ ಮಾಡಿಸಿತ್ತು. ಕನ್ನಡ ಅಕ್ಷರಗಳ ಚಿಪ್ ಇದ್ದದ್ದು ಪ್ಲಸ್‌ನಲ್ಲಿ ಮಾತ್ರ. ಪ್ಲಸ್‌ನಲ್ಲಿ ಬರೆದ ಡಿಸ್ಕನ್ನು ಉಳಿದೆರಡಕ್ಕೆ ಹಾಕಿದರೆ, ಯಂತ್ರ ಅದನ್ನು ಖಾಲಿ ಎಂದು ತಿಳಿದು ತನ್ನ ಗುರುತು ಬರೆದುಬಿಡುತ್ತದೆ. ಮೊದಲು ಇದ್ದದ್ದು ಅಳಿಸಿಹೋಗುತ್ತದೆ.

ಕೇಂದ್ರದ ಅಟ್ಟದಲ್ಲಿದ್ದ ಮೂರು ಯಂತ್ರಗಳು ಹೋದ ತಿಂಗಳು ಗುಜರಿಗೆ ಬಂದವು, ಅಲ್ಲಿಂದ ಜಂಬಮ್ಮನ ಶೆಡ್ಡಿಗೆ. ಕೇಂದ್ರದವರು ಮಾದರಿಗೊಂದರಂತೆ ಕೊಂಡಿದ್ದರಿಂದ ಮೂರೂ ಬೇರೆ ಬೇರೆ. ಆದರೆ ಒಂದರ ಮೇಲೂ ಹೆಸರಿರಲಿಲ್ಲ. ಪ್ರತಿ ಆಯುಧಪೂಜೆಗೆ ಒದ್ದೆ ಬಟ್ಟೆಯಿಂದ ತಿಕ್ಕಿ, ಹೆಸರಿದ್ದ ಜಾಗಕ್ಕೇ ವಿಭೂತಿ ಬಳಿದು, ಕುಂಕುಮ ಇಟ್ಟು, ಅಕ್ಷರಗಳು ಸವೆದುಹೋಗಿದ್ದವು. ಅಂದು ಶೆಡ್ಡಿನಲ್ಲೇ ಇದ್ದ, ಕಂಪ್ಯೂಟರ್ ರಿಪೇರಿ ಮಾಡುವ ಅಂಬರೀಶ ಮೊದಲೇ ಮೂರನ್ನೂ ಬಿಚ್ಚಿ ನೋಡಿದ್ದರು. ಬೇರೆಯವರು ನಕಲು ಮಾಡದಿರಲೆಂದು ಕಂಪನಿಯೇ ಚಿಪ್‌ಗಳ ಮೇಲಿನ ಹೆಸರು ಕೆರೆದು ತೆಗೆದಿತ್ತು. ಡಿಸ್ಕ್ ಇಲ್ಲದೆ ಚಾಲೂ ಮಾಡಿದರೆ ಮೂರರಲ್ಲೂ ಅದೇ ಒಂದು ಹಸಿರು ಗೆರೆ. ಪರೀಕ್ಷೆಗೆಂದು ಹುಡುಕಿ ತಂದ ಎರಡು ಹಳೆಯ ಡಿಸ್ಕ್‌ಗಳಿಗೂ ಬೂಷ್ಟು ಹಿಡಿದಿತ್ತು.

ಹಾಗಾಗಿ ಎಲ್ಲವೂ ಜಂಬಮ್ಮನ ಮಾತಿನ ಮೇಲೆ ನಿಂತಿತ್ತು. ಅರವತ್ತೊಂದು ವರ್ಷದ ಅವರು ಓದಿದ್ದು ನಾಲ್ಕನೆಯ ಇಯತ್ತೆ. ದೇವದುರ್ಗದ ಕಡೆಯ ಕುರಿಗಾರರ ಮನೆಯಿಂದ ಮದುವೆಯಾಗಿ ರಾಯಚೂರಿಗೆ ಬಂದು, ಭಾನು ಕಂಪನಿಯ ರಿಪೇರಿ ಡಿಪೋದಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದರು. ಎಂಜಿನಿಯರ್ ಹೈದರಾಬಾದಿನಿಂದ ತಿಂಗಳಿಗೆ ಎರಡು ಸಲ ಬರುತ್ತಿದ್ದ. ಉಳಿದ ದಿನಗಳಲ್ಲಿ ಯಂತ್ರಗಳನ್ನು ಎತ್ತುವುದು, ಒರೆಸುವುದು, ಕಟ್ಟಿ ಕಳಿಸುವುದು ಇವರದೇ. ಎಂಜಿನಿಯರ್ ತಪ್ಪು ಯಂತ್ರ ಕಟ್ಟಿದಾಗ ಇವರು ಹೇಳಿದರೆ ಮೊದಮೊದಲು ಬೈಯುತ್ತಿದ್ದ. ಎರಡು ವರ್ಷದ ನಂತರ, ಕಟ್ಟುವ ಮೊದಲೇ ಇವರನ್ನು ಕೇಳುತ್ತಿದ್ದ.

ಕುರಿಗಾರರ ಮಗಳಲ್ಲವೇ, ಅದಕ್ಕೇ ಮಂದೆಯ ಕುರಿಗಳಂತೆ ಯಂತ್ರಗಳ ಗುರುತು ಹಿಡಿಯುತ್ತಾರೆ ಎಂದು ಅಂಬರೀಶ ಚನ್ನಮಲ್ಲಮ್ಮನಿಗೆ ವಿವರಿಸುತ್ತಿದ್ದಾಗ ಜಂಬಮ್ಮ ತಲೆಯೆತ್ತಲಿಲ್ಲ.

"ಕುರಿ ಕಾಯ್ದಾಕಿ ನಮ್ಮಕ್ಕ. ನನಗ ಎಲ್ಲಾ ಕುರೀನೂ ಒಂದ ಕಾಣ್ತಿದ್ವು."

ಇಪ್ಪತ್ತನಾಲ್ಕರ ಒಳಗಿನ ಟ್ರಾನ್ಸ್‌ಫಾರ್ಮರ್ ಭಾರ, ಅದು ಹಿಂದಿನ ಎಡ ಮೂಲೆಯಲ್ಲಿರುತ್ತದೆ. ಹಾಗಾಗಿ ಆ ಯಂತ್ರ ಚಪ್ಪಟೆಯಾದ ರಬ್ಬರ್ ಕಾಲಿನಿಂದಲೇ ಗೊತ್ತಾಯಿತು. ಉಳಿದದ್ದು ಎರಡು. ಕೀಬೋರ್ಡಿನ ಸವೆತ ನೋಡಬಹುದಲ್ಲ ಎಂದು ಅಂಬರೀಶ ಕೇಳಿದರೆ, ಕೀಬೋರ್ಡುಗಳು ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುತ್ತಿರುತ್ತವೆ, ನಂಬಬಾರದು ಎಂದರು ಜಂಬಮ್ಮ. ಒಂದೊಂದನ್ನೇ ಚಾಲೂ ಮಾಡಿ, ಡ್ರೈವ್ 'ಟಕ್' ಎನ್ನುವ ತನಕ ಎಣಿಸಿದರು. ಹೊಸದರಲ್ಲಿ ಭಾನು ಇಪ್ಪತ್ತಕ್ಕೆ ಐದು ಎಣಿಕೆ, ಅಕ್ಷರಗಳನ್ನು ಹೊರಬೇಕಾದ ಪ್ಲಸ್‌ಗೆ ಏಳು. ಈಗ ಎರಡಕ್ಕೂ ಆರು ಬಂತು. ಮತ್ತೆ ಎಣಿಸಿದರು. ಮತ್ತೆ ಆರು.

ಚನ್ನಮಲ್ಲಮ್ಮ ಪಂಚಾಂಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಜಂಬಮ್ಮ ಎರಡೂ ಯಂತ್ರಗಳನ್ನು ಅಕ್ಕಪಕ್ಕ ಇಟ್ಟು ಚಾಲೂ ಬಿಟ್ಟರು. ಒಂದೊಂದರ ನೆತ್ತಿಯ ಮೇಲೆ ಒಂದೊಂದು ಅಂಗೈ ಇಟ್ಟು ಕೂತರು. ಇಪ್ಪತ್ತು ನಿಮಿಷ ಕೈ ಎತ್ತಲಿಲ್ಲ.

"ಎಡಗಡಿದು ಮೈಯೆಲ್ಲಾ ಬಿಸಿ," ಎಂದರು ಕೊನೆಗೆ. "ಅದು ವಯಸ್ಸಿನ ಬಿಸಿ. ಬಲಗಡಿದು ಒಂದ ಜಾಗದಾಗ ಬಿಸಿ ಅದ. ಅಕ್ಷರ ಇರೋದು ಅಲ್ಲೇ."

ಅಂಬರೀಶ ತಾವೂ ಕೈಯಿಟ್ಟು ನೋಡಿದರು, ಕೈ ಬದಲಿಸಿ ಮತ್ತೊಮ್ಮೆ ನೋಡಿದರು. "ಯವ್ವಾ, ನನಗ ಎರಡೂ ಒಂದ ಸಮ ಅದಾವ."

"ತಪ್ಪಿದ್ರ?" ಚನ್ನಮಲ್ಲಮ್ಮ ಕೇಳಿದರು.

"ತಪ್ಪಿದ್ರ ಹೋತು ಅಕ್ಕೋರ. ಡಿಸ್ಕು ನಿಮ್ದು. ನೀವ ಹೇಳ್ರಿ."

ಚನ್ನಮಲ್ಲಮ್ಮ ಒಂದು ಕ್ಷಣ ಅಂಬರೀಶನ ಕಡೆ ನೋಡಿದರು. ಆಮೇಲೆ ಎದ್ದು ಬಂದು, ಡಿಸ್ಕನ್ನು ತಾವೇ ಬಲಗಡೆಯ ಯಂತ್ರಕ್ಕೆ ಹಾಕಿದರು.

ಡ್ರೈವ್ ಕರಕರ ಎಂದಿತು, ನಿಂತಿತು, ಮತ್ತೆ ಶುರುವಾಯಿತು. ತೆರೆಯ ಮೇಲಿನ ಗೆರೆ ಹೋಗಿ ಪೂರ್ತಿ ಕಪ್ಪಾಯಿತು. ಒಂದು ನಿಮಿಷಕ್ಕೂ ಹೆಚ್ಚು ಕಪ್ಪಾಗಿಯೇ ಇತ್ತು. ನಂತರ ಮೇಲಿನಿಂದ ಒಂದೊಂದೇ ಸಾಲಾಗಿ, ಹಸಿರು ಬಣ್ಣದಲ್ಲಿ, ಕನ್ನಡ ಇಳಿದು ಬಂತು:

ಕಾಲುವಿ ನೀರು ಬಂತು ಗದ್ದಿ ತುಂಬ
ಮೂಕಪ್ಪನ ಹೆಸರು ಹೇಳ್ತೀನಿ ಬಾಯಿ ತುಂಬ
– ಕನಕಮ್ಮ

ಅಂಬರೀಶ ಕೈಕಟ್ಟಿ ನಿಂತಿದ್ದರು. ಚನ್ನಮಲ್ಲಮ್ಮ ಗಟ್ಟಿಯಾಗಿ ಓದಿದರು, ಇನ್ನೊಮ್ಮೆ ಓದಿದರು. ಕನಕಮ್ಮ ತಲೆಯ ಮೇಲಿನ ಹುಲ್ಲಿನ ಹೊರೆ ಇಳಿಸದೆ, ದಾರಿಯಲ್ಲಿ ನಿಂತೇ ಇದನ್ನು ಹೇಳಿದ್ದಳು ಎಂದರು. ಆಮೇಲೆ ಜಂಬಮ್ಮನ ಕಡೆ ತಿರುಗಿ, ನಿನ್ನದೂ ಒಂದು ಹೇಳು, ಬರೆದುಕೊಳ್ಳುತ್ತೇನೆ ಎಂದರು.

"ನಂದು ಎಲ್ಲಿ ಓಡಿ ಹೋಗ್ತದ ಅಕ್ಕೋರ? ಕರೆಂಟ್ ಹೋಗೋದ್ರಾಗ ಇವನ್ನ ಬರಕೋರಿ."

ಡಿಸ್ಕ್ ಹಾಕಿ ಅರ್ಧ ಗಂಟೆಯಾದ ಮೇಲೆ, ಇನ್ನೂ ಓಡಿದರೆ ಯಂತ್ರ ಸುಡುತ್ತದೆ ಎಂದು ಜಂಬಮ್ಮ ಆರಿಸಿಬಿಟ್ಟರು. ಅಂಬರೀಶ ತೆರೆಯ ಫೋಟೊ ತೆಗೆಯುತ್ತ ಹೋದದ್ದರಿಂದ, ಪುಟಕ್ಕೆ ಮೂರರಂತೆ ಅಂದು ಅರವತ್ತಮೂರು ಒಡಪುಗಳು ಸಿಕ್ಕವು. ಡಿಸ್ಕನ್ನು ಹೊರಗೆ ತೆಗೆಯುವುದಿಲ್ಲ, ಯಂತ್ರ ಶೆಡ್ಡಿನಲ್ಲೇ ಇರುತ್ತದೆ. ರಾಯಚೂರಿನಲ್ಲಿ ಓದುತ್ತಿರುವ ಚನ್ನಮಲ್ಲಮ್ಮನ ಮೊಮ್ಮಗಳು ಐಶ್ವರ್ಯ ದಿನಾ ಕಾಲೇಜಿಗೆ ಹೋಗುವ ಮೊದಲು ಅರ್ಧ ಗಂಟೆ ಬಂದು, ಒಂದೊಂದು ಪುಟವನ್ನೂ ಫೋನಿನಲ್ಲಿ ಫೋಟೊ ತೆಗೆದುಕೊಳ್ಳುತ್ತಾಳೆ. ಉಳಿದ ಎಂಟುನೂರ ಐವತ್ತೊಂದಕ್ಕೆ ಇನ್ನೆರಡು ವಾರ ಬೇಕು.