ಹಗ್ಗದ ತುದಿಯ ಜಾಗ

ನಮ್ಮ ವಾರ್ಡಿನ ಹೆಂಗಸರ ಹಗ್ಗಜಗ್ಗಾಟದ ತಂಡದಲ್ಲಿ ನನ್ನದು ಕೊನೆಯ ಜಾಗ. ಕೊನೆಯದು ಅಂದರೆ ಮಿಕ್ಕವರಿಗೆ ಕೊಡುವ ಜಾಗ ಅಂದುಕೊಳ್ಳಬೇಡಿ. ಹಗ್ಗದ ತುದಿಯನ್ನು ಕಂಕುಳಡಿಯಿಂದ ತಂದು, ಬೆನ್ನ ಮೇಲೆ ಹಾಯಿಸಿ, ಹಿಮ್ಮಡಿಯನ್ನು ನೆಲಕ್ಕೆ ಊರಿ, ಹಿಂದಕ್ಕೆ ವಾಲಿ ನಿಲ್ಲಬೇಕು. ಮುಂದಿನವರೆಲ್ಲ ಜಾರಿದರೂ ತುದಿಯವಳು ಜಾರಬಾರದು. ಓಣಂ ಬಂತೆಂದರೆ ನಮ್ಮ ಕಡೆ ಊರೂರಲ್ಲೂ ಈ ಆಟ. ನಾನು ಮೊದಲ ಸಲ ಹಗ್ಗ ಹಿಡಿದದ್ದು ಮಗಳ ಮದುವೆ ಮಾಡಿಕೊಟ್ಟ ಮೇಲೆ. ಅಲ್ಲಿಯವರೆಗೆ ನನ್ನ ಮೈಯಲ್ಲಿ ಇಷ್ಟು ಬಲ ಇದೆ ಅಂತ ನಮ್ಮ ಹಸುಗಳಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಹಾಗಿದ್ದವಳು ಬಿದ್ದದ್ದು ಆಟದಲ್ಲಿ ಅಲ್ಲ, ಹಾಲಿನ ಸೊಸೈಟಿಯ ಮೆಟ್ಟಿಲ ಮೇಲೆ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು. ಆಷಾಢದ ಮಳೆ ಹಿಡಿದಿತ್ತು, ಮೆಟ್ಟಿಲಿಗೆ ಪಾಚಿ ಕಟ್ಟಿತ್ತು. ಕೈಯಲ್ಲಿ ತುಂಬಿದ ಕ್ಯಾನು. ಬಲಗಾಲು ಒಳಕ್ಕೆ ಮಡಚಿಕೊಂಡಿತು, ಒಳಗೆಲ್ಲೋ ಹಸಿ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಕೂತಲ್ಲೇ ಕೂತೆ, ಆದರೆ ಕ್ಯಾನನ್ನು ಮಾತ್ರ ವಾಲಲು ಬಿಡಲಿಲ್ಲ. ಎತ್ತಲು ಓಡಿಬಂದವರಿಗೆ, "ಮೊದಲು ಹಾಲು ಅಳೆದುಕೊಳ್ಳಿ, ಆಮೇಲೆ ನನ್ನ ಎತ್ತಿ" ಅಂದೆ.

ಮನೆಗೆ ಬಂದ ಕೂಡಲೇ ಅತ್ತೆ ಎಳ್ಳೆಣ್ಣೆ ಬಿಸಿ ಮಾಡಿದರು. ಅವರು ಎಷ್ಟೋ ಜನರ ಉಳುಕು ತೆಗೆದವರು. "ಸ್ವಲ್ಪ ತಡ್ಕೊಳವ್ವಾ" ಅಂತ ಪಾದ ಹಿಡಿದು ನೀವಿ ಎಳೆದರು. ನಾನು ಕೂಗಿದ ಕೂಗಿಗೆ ಕೊಟ್ಟಿಗೆಯಲ್ಲಿದ್ದ ಹಸುಗಳು ಎದ್ದು ನಿಂತವು. ಸಂಜೆಯ ಹೊತ್ತಿಗೆ ಕಾಲಿನ ಹರಡು ಎಲ್ಲಿದೆ ಅಂತಲೇ ಕಾಣದಷ್ಟು ಊದಿಕೊಂಡು, ಪಾದವೆಲ್ಲ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅತ್ತೆಗೇ ಹೆದರಿಕೆಯಾಯಿತು. "ನಾ ಎಳೀಬಾರದಿತ್ತೇನೋ" ಅಂತ ಸೆರಗಲ್ಲಿ ಕಣ್ಣೊರೆಸಿಕೊಂಡರು.

ಮರುದಿನ ಪುಲ್ಪಳ್ಳಿಯಲ್ಲಿ ಎಕ್ಸ್‌ರೇ ತೆಗೆದರು. ಮೂಳೆ ಮುರಿದಿರಲಿಲ್ಲ. ಕೀಲನ್ನು ಹಿಡಿದಿಡುವ ನಾರು ಅರ್ಧ ಹರಿದಿದೆ, ಪಟ್ಟಿ ಕಟ್ಟಿಕೊಂಡು ಕಾಲು ಎತ್ತರದಲ್ಲಿಟ್ಟು ಮಲಗಿ, ಊತ ಇಳಿದ ಮೇಲೆ ಫಿಸಿಯೋಥೆರಪಿಗೆ ಹೋಗಿ ಅಂದರು ಡಾಕ್ಟರು. ಓಣಂಗೆ ಹಗ್ಗ ಎಳೆಯಬಹುದಾ ಅಂತ ಕೇಳಿದೆ. ಅವರು ನನ್ನ ಮುಖ ನೋಡಲೇ ಇಲ್ಲ, ನನ್ನ ಗಂಡನ ಮುಖ ನೋಡಿ ನಕ್ಕರು. ಆ ನಗು ನನ್ನೊಳಗೆ ಕೂತುಬಿಟ್ಟಿತು.

ಮಲಗಿದ್ದ ದಿನಗಳಲ್ಲಿ ಹಾಲು ಕರೆಯುವ ಕೆಲಸ ನನ್ನ ಗಂಡನ ಪಾಲಿಗೆ ಬಂತು. ಕೊಟ್ಟಿಗೆಯಿಂದ ಅವರ ಬೈಗುಳ ಕೇಳಿಸುತ್ತಿತ್ತು. ಪಕ್ಕದ ಮನೆಯಿಂದ ಭಾವ, ಅಂದರೆ ನನ್ನ ಗಂಡನ ಅಣ್ಣ, ದಿನಾ ಬಂದು ಜಗಲಿಯಲ್ಲಿ ಕೂತು ಅದೇ ಮಾತು ಆಡುತ್ತಿದ್ದರು.

"ಇನ್ನಾದ್ರೂ ಆ ಹಗ್ಗದ ಹುಚ್ಚು ಬಿಡಮ್ಮ. ಅಜ್ಜಿ ಆಗೋ ವಯಸ್ಸಲ್ಲಿ ಅಷ್ಟು ಜನರ ಮುಂದೆ ಕೆಸರಲ್ಲಿ ಬೀಳೋದು ಚೆಂದವಾ?"

"ನಾನು ಬಿದ್ದದ್ದು ಹಾಲು ಹೊತ್ತು, ಭಾವ. ಹಗ್ಗ ಬಿಡಬೇಕಾದ್ರೆ ಹಾಲೂ ಬಿಡಬೇಕಲ್ಲ? ಹಾಗಂತ ಯಾರೂ ಹೇಳೋದಿಲ್ಲವಲ್ಲ."

ಒಳಗಿನಿಂದ ಅತ್ತೆ ಕೆಮ್ಮಿದರು. ಅದು ನಗು ಅಂತ ನನಗೆ ಗೊತ್ತಾಯಿತು, ಭಾವನಿಗೆ ಗೊತ್ತಾಗಲಿಲ್ಲ.

ಅದೇ ವಾರ ನಮ್ಮ ತಂಡದ ಮುಂದಾಳು ನೇಂದ್ರಬಾಳೆಯ ಚಿಪ್ಪು ಹಿಡಿದುಕೊಂಡು ಬಂದಳು. ಮಲಯಾಳಂ ಮನೆಯವಳು, ನನಗಿಂತ ಚಿಕ್ಕವಳು, ಒಳ್ಳೆಯವಳು. ಬಹಳ ಹೊತ್ತು ಮಳೆಯ ಮಾತಾಡಿ, ಕೊನೆಗೆ ಹೇಳಿದಳು.

"ಚೇಚಿ, ಈ ಸಲ ನೀವು ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂತು ನಮಗೆ ಧೈರ್ಯ ಹೇಳಿದ್ರೆ ಸಾಕು. ತುದಿಗೆ ಟೀ ಎಸ್ಟೇಟಿನ ಕಡೆಯ ಒಂದು ಹುಡುಗಿಯನ್ನ ಹಾಕಿದೀವಿ."

ಅಕ್ಕ ಅನ್ನುವ ಅರ್ಥದ ಆ ಚೇಚಿ ಅನ್ನೋ ಮಾತು ಅಷ್ಟು ಮೆತ್ತಗೆ ಇನ್ನೆಂದೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಅದೇ ಸಹಿಸಲಾಗಲಿಲ್ಲ. "ಕುರ್ಚಿ ನಿಮ್ಮ ಮನೇಲೇ ಇರಲಿ. ನಾನು ಬರ್ತೀನಿ, ಬಂದು ನಿಲ್ತೀನಿ" ಅಂದೆ. ಅವಳು ಹೋದ ಮೇಲೆ ಒಂದು ಬಾಳೆಹಣ್ಣನ್ನೂ ಮುಟ್ಟಲಿಲ್ಲ. ಸಂಜೆ ಅತ್ತೆ ಎಲ್ಲವನ್ನೂ ಎಣ್ಣೆಯಲ್ಲಿ ಕರಿದು ಕೊಟ್ಟರು, ಆಗ ತಿಂದೆ.

ಊತ ಇಳಿದ ಮೇಲೆ ಮೀನಂಗಡಿಯ ಫಿಸಿಯೋಥೆರಪಿಗೆ ಹೊರಟೆ. ಉಳುಕಿಗೆ ಬಸ್ಸು ಬದಲಿಸಿಕೊಂಡು ಅಷ್ಟು ದೂರ ಯಾರಾದರೂ ಹೋಗುತ್ತಾರಾ ಅಂತ ಭಾವ ಗೊಣಗಿದರು. ನಾನು ಕೋಲೂರಿಕೊಂಡು ಬಸ್ಸು ಹತ್ತಿದೆ.

ಅಲ್ಲಿದ್ದವಳು ನನ್ನ ಮಗಳ ವಯಸ್ಸಿನ ಹೆಣ್ಣು. ಪಾದವನ್ನು ಎರಡು ಕೈಯಲ್ಲಿ ಹಿಡಿದು ಆಕಡೆ ಈಕಡೆ ತಿರುಗಿಸಿ ನೋಡಿ, "ಏನು ಮಾಡೋ ಆಸೆ ಇದೆ ಚೇಚಿ?" ಅಂತ ಕೇಳಿದಳು. ಏನಾಯಿತು ಅಂತ ಎಲ್ಲರೂ ಕೇಳಿದ್ದರು. ಏನು ಮಾಡುವ ಆಸೆ ಅಂತ ಕೇಳಿದವಳು ಅವಳೊಬ್ಬಳೇ. ಹಗ್ಗದ ವಿಷಯ ಹೇಳಿದೆ. ಅವಳು ನಗಲಿಲ್ಲ.

"ಆಗುತ್ತೆ ಅಂತ ಹೇಳಲ್ಲ, ಆಗಲ್ಲ ಅಂತಲೂ ಹೇಳಲ್ಲ. ಕಣ್ಣು ಮುಚ್ಚಿ ಈ ಒಂದೇ ಕಾಲ ಮೇಲೆ ಅಲುಗದೆ ನಿಲ್ಲಬೇಕು. ಒಂದೇ ಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸಬೇಕು. ಎರಡು ಕಾಲಿಗೂ ವ್ಯತ್ಯಾಸ ಕಾಣಬಾರದು. ಅಲ್ಲೀವರೆಗೆ ಹಗ್ಗ ಮುಟ್ಟಬಾರದು. ಒಪ್ಪಿಗೆಯಾ?"

ಒಪ್ಪಿದೆ.

ಮೊದಲ ಪಾಠ ನಾಚಿಕೆಗೇಡು ಅನ್ನಿಸುವಷ್ಟು ಸಣ್ಣದು. ಮಂಚದ ಮೇಲೆ ಕೂತು ಕಾಲು ಹೊರಗೆ ಚಾಚಿ, ಹೆಬ್ಬೆರಳಿನಿಂದ ಗಾಳಿಯಲ್ಲಿ ಎ ಬಿ ಸಿ ಡಿ ಬರೆಯಬೇಕು. ನಾನು ಅ ಆ ಇ ಈ ಬರೆಯತೊಡಗಿದೆ. ನಾನು ಓದಿದ್ದು ಮಲಯಾಳಂ ಶಾಲೆಯಲ್ಲಿ. ಕನ್ನಡದ ಅಕ್ಷರ ಕಲಿಸಿದ್ದು ಅಪ್ಪ, ಭತ್ತದ ಗದ್ದೆಯ ಬದುವಿನ ಮೇಲೆ ಕಡ್ಡಿಯಲ್ಲಿ ಗೀಚಿ. ಆ ಹುಡುಗಿ ಕಾಲನ್ನೇ ನೋಡುತ್ತಾ ನಿಂತಳು.

"ಇದೇನು ಬರೀತಿದೀರಿ?"

"ಕನ್ನಡ, ಮೋಳೆ." ಮಗಳೇ ಅಂತ ಅವಳನ್ನು ಅವಳ ಭಾಷೆಯಲ್ಲೇ ಕರೆಯುತ್ತಿದ್ದೆ.

"ಎ ಬಿ ಸಿ ಡಿಗಿಂತ ಸುತ್ತು ಜಾಸ್ತಿ ಇದೆ. ಇದೇ ಬರೀರಿ."

'ಋ' ಬಂದಾಗ ಹಲ್ಲು ಕಚ್ಚಿದೆ. 'ಳ' ಮುಗಿಸುವ ಹೊತ್ತಿಗೆ ಬೆನ್ನೆಲ್ಲ ಬೆವರು. ಹಗ್ಗದ ತುದಿಯಲ್ಲಿ ಬೆಟ್ಟದ ಹಾಗೆ ನಿಲ್ಲುತ್ತಿದ್ದವಳು ಒಂದು ಅಕ್ಷರ ಬರೆಯಲಾರದೆ ಏದುಸಿರು ಬಿಡುತ್ತಿದ್ದೆ.

ಆಮೇಲೆ ಪಾದಕ್ಕೆ ರಬ್ಬರ್ ಪಟ್ಟಿ ಸಿಕ್ಕಿಸಿ ಎಳೆಯುವುದು, ನೆಲದ ಮೇಲಿನ ಟವೆಲನ್ನು ಕಾಲಬೆರಳಲ್ಲಿ ಮುದುಡುವುದು, ಅಡಿಯಲ್ಲಿ ಅರ್ಧಗೋಲ ಇರುವ ಹಲಗೆಯ ಮೇಲೆ ನಿಲ್ಲುವುದು. ಆ ಹಲಗೆ ನನ್ನನ್ನು ಎಷ್ಟು ಸಲ ಗೋಡೆಗೆ ತಳ್ಳಿತೋ. ಮನೆಯಲ್ಲಿ ಸಾರು ಕುದಿಯುವಾಗ ಒಲೆಯ ಮುಂದೆ ಒಂಟಿ ಕಾಲಲ್ಲಿ ನಿಲ್ಲುತ್ತಿದ್ದೆ. "ಕೊಕ್ಕರೆ ಆಗಿಬಿಟ್ಯಲ್ಲವ್ವಾ" ಅನ್ನುತ್ತಿದ್ದ ಅತ್ತೆ, ನಾನು ವಾಲಿದರೆ ಹಿಡಿಯಲು ಹಿಂದೆಯೇ ನಿಂತಿರುತ್ತಿದ್ದರು.

ಒಂದು ದಿನ ಕಣ್ಣು ಮುಚ್ಚಿದ ತಕ್ಷಣ ಕಾಲು ಮತ್ತೆ ಮಡಚಿಕೊಂಡಿತು. ನೋವಿಗಿಂತ ಹೆದರಿಕೆಯೇ ಜೋರಾಗಿತ್ತು. ಸಾಕು ಅನ್ನಿಸಿತು. ಡಾಕ್ಟರ ನಗು, ಭಾವನ ಜಗಲಿ, ಆ ಕುರ್ಚಿ ಎಲ್ಲ ನೆನಪಾಗಿ ಅಳು ಬಂತು. ಮೋಳೆ ಕಾಲಿಗೆ ಐಸ್ ಇಟ್ಟು, "ಇವತ್ತು ಅತ್ತುಬಿಡಿ. ನಾಳಿದ್ದು ಬನ್ನಿ" ಅಂದಳು. ನಾಳಿದ್ದು ಹೋದೆ.

ಓಣಂ ಹತ್ತಿರವಾದಾಗ ಆಕೆ ಎರಡೂ ಕಾಲನ್ನು ಪರೀಕ್ಷೆ ಮಾಡಿದಳು. ನಿಲ್ಲಿಸಿದಳು, ಕುಣಿಸಿದಳು, ಒಂಟಿ ಕಾಲಲ್ಲಿ ಹಾರಿಸಿದಳು. ಆಮೇಲೆ ಹರಡಿಗೆ ಗಟ್ಟಿಯಾಗಿ ಟೇಪು ಸುತ್ತುವುದು ಹೇಗೆ ಅಂತ ತೋರಿಸಿ, "ನೋವು ಚುಚ್ಚಿದ ಹಾಗೆ ಬಂದ್ರೆ ಹಗ್ಗ ಬಿಡಬೇಕು" ಅಂದಳು. ಅಂದರೆ ಹಗ್ಗ ಹಿಡಿಯಬಹುದು ಅಂತ ತಾನೇ!

ಆ ಸಂಜೆಯೇ ಶಾಲೆಯ ಮೈದಾನಕ್ಕೆ ಹೋದೆ. ಎಲ್ಲರೂ ನನ್ನ ಮುಖ ಬಿಟ್ಟು ಕಾಲು ನೋಡಿದರು. ಎಸ್ಟೇಟಿನ ಹುಡುಗಿ ಎತ್ತರದವಳು, ಗಟ್ಟಿಮುಟ್ಟು. ನಾನು ಹಗ್ಗದ ಒಂದು ತುದಿ ಎತ್ತಿ ಅವಳ ಕೈಗೆ ಕೊಟ್ಟೆ. "ನೀನೂ ನಾನೂ ಮಾತ್ರ" ಅಂದೆ. ಮುಂದಾಳು ಬೇಡ ಬೇಡ ಅನ್ನುವಷ್ಟರಲ್ಲಿ ನನ್ನ ಹಿಮ್ಮಡಿ ಮಣ್ಣೊಳಗೆ ಇಳಿದಿತ್ತು.

ಗೆದ್ದೆ ಅಂತ ಹೇಳುವ ಆಸೆಯೇನೋ ಇದೆ. ಗೆಲ್ಲಲಿಲ್ಲ. ಅವಳೂ ಗೆಲ್ಲಲಿಲ್ಲ. ಹಗ್ಗ ಇದ್ದಲ್ಲೇ ಬಿಗಿದು ನಿಂತಿತು, ಇಬ್ಬರ ಮುಖವೂ ಕೆಂಪಾಯಿತು, ಕೊನೆಗೆ ಮುಂದಾಳು ನಡುವೆ ಬಂದು ಹಗ್ಗದ ಮೇಲೇ ಕೂತಳು. ಆ ಹುಡುಗಿ ಮೂಗಿನ ಬೆವರು ಒರೆಸಿಕೊಂಡು, "ನಾನು ಚೇಚಿಯ ಮುಂದೆ ನಿಲ್ತೀನಿ. ತುದಿ ಅವರದ್ದೇ" ಅಂದಳು. ಅವಳನ್ನು ತಬ್ಬಿಕೊಂಡೆ.

ಪಂದ್ಯದ ದಿನ ಸಣ್ಣ ಮಳೆ. "ವಲಿ! ವಲಿ!" ಎಳಿ ಎಳಿ ಅನ್ನುವ ಕೂಗಿಗೆ ಕಿವಿ ಮುಚ್ಚಿಹೋಗುವ ಹಾಗಿತ್ತು. ಮೊದಲ ಎರಡು ತಂಡಗಳನ್ನು ಎಳೆದು ಹಾಕಿದೆವು. ಫೈನಲ್ಲಿನಲ್ಲಿ ಆಕಡೆಯವರು ಬಂಡೆಯಂಥವರು. ನಮ್ಮ ಮುಂದಿನವರು ಒಬ್ಬೊಬ್ಬರಾಗಿ ಕೆಸರಿಗೆ ಕೂತರು. ನಾನೂ ಆ ಹುಡುಗಿಯೂ ನಿಂತೇ ಇದ್ದೆವು. ಬೀಳಲಿಲ್ಲ, ನಿಂತ ಭಂಗಿಯಲ್ಲೇ ನೆಲ ಗೀರಿಕೊಂಡು ಗೆರೆ ದಾಟಿದೆವು. ಸೋತೆವು.

ಗುಂಪಿನ ಹಿಂದೆ ಭಾವ ಕೊಡೆ ಹಿಡಿದು ನಿಂತಿದ್ದರು. ಬರುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ.

"ಸೋತ್ರಲ್ಲಮ್ಮ" ಅಂದರು.

"ಸೋತ್ವಿ ಭಾವ. ಬರೋ ವರ್ಷಾನೂ ತುದಿಗೆ ನಾನೇ."

ಅವರು ಬಗ್ಗಿ ನನ್ನ ಬಲಗಾಲು ನೋಡಿದರು. "ನೋವಿದ್ಯಾ?"

"ಇದೆ. ಇಲ್ಲಿ." ಸಿಪ್ಪೆ ಎದ್ದಿದ್ದ ಎರಡೂ ಅಂಗೈ ಅಗಲಿಸಿ ತೋರಿಸಿದೆ.

ಭಾವ ಕೊಡೆಯನ್ನು ನನ್ನ ಕಡೆಗೆ ವಾಲಿಸಿದರು. ನಾನು ಕೊಡೆಯಿಂದ ಹೊರಗೆ ಬಂದು, ಮಳೆಯಲ್ಲೇ ತೋಳಿನ ಕೆಸರು ಉಜ್ಜಿಕೊಳ್ಳುತ್ತಾ, ಓಣಂ ಊಟಕ್ಕೆ ಎಲೆ ಹಾಕುತ್ತಿದ್ದ ಚಪ್ಪರದ ಕಡೆ ಜೋರಾಗಿ ನಡೆದೆ. ಹೊಟ್ಟೆ ಚುರುಗುಟ್ಟುತ್ತಿತ್ತು.