ಗಿಟಾರಿನ ಒಳಗಿನ ಪಟ್ಟಿಗಳು

ರಾಯಚೂರಿನ ನನ್ನ ಅಂಗಡಿಗೆ ಜನ ಬಾಗಿಲು, ಕಿಟಕಿ, ಮಂಚ ಕೇಳಿಕೊಂಡು ಬರುತ್ತಾರೆ. ಗಿಟಾರಿನ ಗೀಳು ಮಾತ್ರ ನನ್ನದೇ. ಫೋನಿನಲ್ಲಿ ವಿಡಿಯೊ ನೋಡಿ ನೋಡಿ, ಮುರಿದ ಗಿಟಾರಿನ ಕತ್ತು ಕೂಡಿಸುವುದು, ತಂತಿ ಬಿಗಿಯುವ ತಿರುಪು ಬದಲಿಸುವುದು ಕಲಿತಿದ್ದೆ. ಅದರ ಹೊಟ್ಟೆಯೊಳಗೆ ಕೈ ಹಾಕಿರಲಿಲ್ಲ.

ಒಂದು ಬೇಸಿಗೆಯಲ್ಲಿ ಮಾನ್ವಿಯಿಂದ ಒಬ್ಬ ಅಕ್ಕ ಬಂದರು. ನರ್ಸ್ ಆಗಿದ್ದು ನಿವೃತ್ತರಾದವರು, ಭಾನುವಾರ ಚರ್ಚಿನಲ್ಲಿ ಗಿಟಾರ್ ಬಾರಿಸಿ ಹಾಡುವವರು. ಬಿಸಿಲಿಗೆ ನಿಂತ ಕಾರಿನಲ್ಲಿ ಗಿಟಾರ್ ಉಳಿದುಹೋಗಿತ್ತಂತೆ. ಮುಂದಿನ ಹಲಗೆ ದುಂಡು ಬಾಯಿಯ ಹತ್ತಿರ ಒಳಗೆ ಕುಸಿದಿತ್ತು, ತಂತಿ ಕಟ್ಟುವ ತುಂಡಿನ ಹಿಂದೆ ಉಬ್ಬಿತ್ತು.

"ಎಲ್ಲಾರೂ ಹೊಸಾದು ತಗೋ ಅಂತಾರ ತಮ್ಮಾ. ನಮ್ಮ ಮನಿಯವ್ರು ಇದ್ದಾಗ ಕೊಡ್ಸಿದ್ದು ಇದು. ಆಗ್ತದೇನು ನೋಡು," ಅಂದರು.

"ಒಳಗ ಏನಾಗ್ಯದ ಅಂತ ಮೊದಲ ನೋಡಬೇಕ್ರಿ ಅಕ್ಕಾರ," ಅಂದೆ.

ಅವರು ಹೋದ ಮೇಲೆ ಸಣ್ಣ ಕನ್ನಡಿಯೊಂದನ್ನೂ ಸಣ್ಣ ಬಲ್ಬನ್ನೂ ಆ ದುಂಡು ಬಾಯಿಯಿಂದ ಒಳಗೆ ಇಳಿಸಿದೆ. ಮುಂದಿನ ಹಲಗೆಯ ಒಳಮೈಯಲ್ಲಿ ಎರಡು ಮರದ ಪಟ್ಟಿಗಳು ಗುಣಾಕಾರದ ಗುರುತಿನ ಹಾಗೆ ಒಂದನ್ನೊಂದು ದಾಟಿ ಹೋಗಿದ್ದವು. ಅವುಗಳ ಪಕ್ಕದಲ್ಲಿ ಬೆರಳಿನಷ್ಟು ಸಣ್ಣ ಪಟ್ಟಿಗಳು ಅಂಚಿನ ಕಡೆಗೆ ಹರಡಿದ್ದವು. ದೊಡ್ಡ ಪಟ್ಟಿಯೊಂದು ಅಂಟು ಬಿಟ್ಟು ಸೀಳಿತ್ತು.

ನಾನು ನೋಡುತ್ತಲೇ ಕೂತೆ. ಬಿಗಿದ ತಂತಿಗಳೆಲ್ಲ ಸೇರಿ ಎಳೆಯುವ ಭಾರ ಹೆಚ್ಚುಕಡಿಮೆ ಒಬ್ಬ ದೊಡ್ಡ ಮನುಷ್ಯನ ತೂಕದಷ್ಟು. ಅದನ್ನು ಹಗಲೂ ರಾತ್ರಿ ತಡೆಯುವುದು ತೆಳ್ಳನೆಯ ಜೋಳದ ರೊಟ್ಟಿಯಷ್ಟು ದಪ್ಪದ ಒಂದು ಹಲಗೆ ಮತ್ತು ಈ ನಾಲ್ಕಾರು ಪಟ್ಟಿಗಳು. ತಡೆದರಷ್ಟೇ ಸಾಲದು, ಆ ಹಲಗೆ ನಡುಗಲೂ ಬೇಕು. ನಡುಗದಿದ್ದರೆ ದನಿಯೇ ಇಲ್ಲ. ನಾನು ಬಾಗಿಲು ಮಾಡುವವನು. ಮರ ಅಲುಗದಂತೆ ಮಾಡುವುದೇ ನನ್ನ ಕಸುಬು. ಅಲುಗಲೆಂದೇ ಮರಕ್ಕೆ ಆಸರೆ ಕೊಡಬಹುದು ಎಂದು ಯಾರಿಗೆ ಮೊದಲು ಹೊಳೆಯಿತೋ!

ಹಿಂದಿನ ಹಲಗೆಯನ್ನು ಬಿಸಿ ಚಾಕುವಿನಿಂದ ಬಿಡಿಸಿ, ಕುಸಿದ ಮುಖವನ್ನು ನಿಧಾನ ಸಮ ಮಾಡಿ, ಹೊಸ ಪಟ್ಟಿಗಳನ್ನು ಅಂಟಿಸಿದೆ. ಮತ್ತೆ ಕುಸಿದರೆ ಹೇಗೆ ಎಂಬ ಭಯಕ್ಕೆ ಅವನ್ನು ಒಂದಿಷ್ಟು ದಪ್ಪವಾಗಿಯೇ ಬಿಟ್ಟೆ. ಎಲ್ಲ ಮುಚ್ಚಿ ತಂತಿ ಹಾಕಿ ಅಕ್ಕನಿಗೆ ಹೇಳಿಕಳಿಸಿದೆ.

ಅವರು ಬಂದು ಬಾರಿಸಿದರು. ಮತ್ತೊಮ್ಮೆ ಬಾರಿಸಿ ನೋಡಿದರು.

"ಗಟ್ಟಿ ಆಗ್ಯದ ತಮ್ಮಾ. ಆದ್ರ ಕೌದಿ ಹೊಚ್ಕೊಂಡು ಮಾತಾಡಿದಂಗ ಕೇಳಾಕತ್ತದ."

ನನಗೂ ಹಾಗೇ ಕೇಳಿಸಿತ್ತು. "ಇನ್ನೊಂದೀಟು ದಿನ ಇಲ್ಲೇ ಬಿಡ್ರಿ," ಅಂದೆ.

ಆಗ ದೇವದುರ್ಗದಿಂದ ಬಂದಿದ್ದ ಅಪ್ಪ ನನ್ನ ಜೊತೆಗಿದ್ದ. ಕಟ್ಟಿಗೆ ಕೊಯ್ಯುವ ಮಷಿನಿನ ಮುಂದೆ ವರ್ಷಾನುಗಟ್ಟಲೆ ನಿಂತು ಅವನ ಎರಡೂ ಕಿವಿ ಹೋಗಿವೆ. ತುಟಿ ನೋಡಿ ಮಾತು ಹಿಡಿಯುತ್ತಾನೆ. ನಾನು ತಂತಿ ಮೀಟುತ್ತ ತಲೆ ಕೆಡಿಸಿಕೊಂಡಿದ್ದನ್ನು ಕಂಡು ಹತ್ತಿರ ಬಂದು ಹಲಗೆಯ ಮೇಲೆ ಅಂಗೈ ಇಟ್ಟ. ಇಟ್ಟವನು ತೆಗೆಯಲಿಲ್ಲ.

"ಇನ್ನೊಮ್ಮಿ ಹೊಡಿಲೇ," ಅಂದ. ಮೀಟಿದೆ. ಕೈ ಸರಿಸಿದ. "ಈ ಕಡಿ ಗುಂಯ್ ಅಂತದ. ಈ ಕಡಿ ಸುಮ್ನ ಕುಂತದ."

ಸುಮ್ಮನೆ ಕೂತಿದ್ದು ದಪ್ಪ ತಂತಿಗಳ ಕಡೆ. ತಂತಿ ಸಡಿಲಿಸಿ, ಮರ ಹೆರೆಯುವ, ಅಂಗೈಯಲ್ಲಿ ಅಡಗುವ ಸಣ್ಣ ರಂದಾ ಹಿಡಿದು ದುಂಡು ಬಾಯಿಯೊಳಗೆ ಕೈ ತೂರಿಸಿದೆ. ಕಣ್ಣಿಗೆ ಏನೂ ಕಾಣದು. ಬೆರಳಿಗೆ ಸಿಕ್ಕ ಪಟ್ಟಿಯ ತುದಿಯನ್ನು ಹೆರೆದೆ, ಹೊಟ್ಟು ಝಾಡಿಸಿದೆ, ತಂತಿ ಬಿಗಿದು ಮೀಟಿದೆ. ಅಪ್ಪನ ಅಂಗೈ ಹಲಗೆಯ ಮೇಲೆ. "ಇನ್ನೀಟು," ಅಂದ. ಮತ್ತೆ ಹೆರೆದೆ. ಕರೆಂಟ್ ಹೋಗಿ ಫ್ಯಾನ್ ನಿಂತಿತು. ಬೆವರು ಮೊಣಕೈಯಿಂದ ಇಳಿಯುತ್ತಿತ್ತು. ಒಂದೊಂದು ಸಲ ಹೆರೆದಾಗಲೂ ಇದೇ ಜಾಸ್ತಿಯಾಯಿತೇನೋ, ಹಲಗೆ ಈಗ ಕುಸಿಯುತ್ತದೇನೋ ಎಂದು ಮುಟ್ಟಿ ನೋಡುತ್ತಿದ್ದೆ.

ಕೊನೆಗೊಮ್ಮೆ ದಪ್ಪ ತಂತಿ ಮೀಟಿದಾಗ ಅಪ್ಪ ಕೈ ಹಿಂದಕ್ಕೆಳೆದುಕೊಂಡ.

"ಯಪ್ಪಾ, ಏನಾತು?"

ಅವನು ನನ್ನ ತುಟಿ ನೋಡಲಿಲ್ಲ. ಗಿಟಾರನ್ನು ಎತ್ತಿ ಎದೆಗೆ ಆನಿಸಿಕೊಂಡು, "ಹೊಡಿ," ಅಂದ. ಮೀಟಿದೆ.

"ಎದಿಯಾಗ ಬಂತಲೇ," ಅಂದ. "ಎದಿಯಾಗ!"

ಅದೇ ಮರ, ಅದೇ ತಂತಿ. ಒಳಗಿಂದ ಹೋಗಿದ್ದು ಒಂದು ಹಿಡಿಯೂ ಆಗದ ಹೊಟ್ಟು. ಆದರೆ ಆ ದನಿ ತಂತಿಯಿಂದ ಬಂದ ಹಾಗಿರಲಿಲ್ಲ; ಇಡೀ ಪೆಟ್ಟಿಗೆ ಉಸಿರು ತುಂಬಿಕೊಂಡು ಬಿಟ್ಟ ಹಾಗಿತ್ತು. ಇನ್ನು ಒಂದು ಎಳೆಯನ್ನೂ ಹೆರೆಯಬಾರದು ಅನ್ನಿಸಿ ರಂದಾ ಕೆಳಗಿಟ್ಟೆ.

ಕೆಲವು ದಿನ ಬಿಗಿದ ತಂತಿಯಲ್ಲೇ ಇಟ್ಟು ನೋಡಿದೆ. ಹಲಗೆ ಜಗ್ಗಲಿಲ್ಲ. ಅಪ್ಪನೂ ನಾನೂ ಬಸ್ಸು ಹತ್ತಿ ಮಾನ್ವಿಗೆ ಹೋದೆವು. ಅಕ್ಕ ಚಹಾ ಕೊಟ್ಟು, ಪಡಸಾಲೆಯಲ್ಲಿ ಕೂತು ಒಂದು ಸಲ ಬಾರಿಸಿ ನಿಲ್ಲಿಸಿಬಿಟ್ಟರು.

"ಇದು ನಂದೇ ಅದ ಏನು ತಮ್ಮಾ?"

"ನಿಮ್ದೇ ಅದ್ರಿ."

ಕಣ್ಣೊರೆಸಿಕೊಂಡು ಹಾಡಲು ಶುರುಮಾಡಿದರು. ಗಂಟಲು ಅಲ್ಲಲ್ಲಿ ಒಡೆಯುತ್ತಿತ್ತು. ಅದು ಒಡೆದಲ್ಲೆಲ್ಲ ಗಿಟಾರ್ ಅವರನ್ನು ಎತ್ತಿಕೊಂಡು ಮುಂದೆ ಹೋಗುತ್ತಿತ್ತು. ಅಪ್ಪ ಎದುರಿಗೆ ಕೂತು ಅವರ ತುಟಿಯನ್ನೇ ನೋಡುತ್ತಿದ್ದ. ಅಕ್ಕನಿಗೆ ಏನು ಅನ್ನಿಸಿತೋ, ನಡುವೆಯೇ ನಿಲ್ಲಿಸಿ, "ಅಣ್ಣಾರ, ಈ ಕಡಿ ಬರ್ರಿ," ಎಂದು ಪಕ್ಕದ ಕುರ್ಚಿಗೆ ಕರೆದು ಅವನ ಕೈಯನ್ನು ಗಿಟಾರಿನ ಮಗ್ಗುಲಿಗೆ ಇಟ್ಟುಕೊಂಡರು. ಹಾಡು ಮುಗಿಯುವ ತನಕ ಅಪ್ಪ ಕಣ್ಣು ಮುಚ್ಚಿ ಕೂತಿದ್ದ.

ವಾಪಸು ಬರುವಾಗ ಬಸ್ಸಿನಲ್ಲಿ, "ಆಕಿ ಏನಂತ ಹಾಡಿದ್ಲು?" ಎಂದು ಕೇಳಿದ. ನಾನು ಅವನ ಕಡೆ ತಿರುಗಿ, ನೆನಪಿದ್ದಷ್ಟು ಸಾಲುಗಳನ್ನು ಒಂದೊಂದಾಗಿ ಹೇಳುತ್ತ ಹೋದೆ. ಒಂದು ಕಡೆ ಮರೆತು ತಡವರಿಸಿದೆ.

"ಇರ್ಲಿ ಬಿಡು," ಅಂದ ಅಪ್ಪ. "ಅಲ್ಲಿ ದಪ್ಪ ತಂತಿ ಇತ್ತು, ಕೈಗೆ ಗೊತ್ತಾತು."