ಟರ್ಕಿ ಕೋಳಿಗೆ ಹಾಕಿದ ಹೊಂಚು

ಟರ್ಕಿ ಕೋಳಿ ಹಾರುವುದಿಲ್ಲ ಎಂದು ಪಕ್ಕದ ಮನೆಯ ಡಾಕ್ಟರು ಅಷ್ಟು ಖಚಿತವಾಗಿ ಹೇಳದಿದ್ದರೆ ನಾನು ಈ ವಯಸ್ಸಿನಲ್ಲಿ ಪೊದೆಯೊಳಗೆ ಹೋಗಿ ಕೂರುತ್ತಿರಲಿಲ್ಲ.

ಆಗ ನಾವು ನೈರೋಬಿಯ ಲೊರೆಶೋ ಬಡಾವಣೆಯಲ್ಲಿದ್ದೆವು. ಒಂದು ಆವರಣ, ಎರಡು ಮನೆ, ಒಂದೇ ಗೇಟು. ಗೇಟಿಗೆ ವಯಸ್ಸಾದ ಒಬ್ಬ ಅಸ್ಕಾರಿ. ಇಲ್ಲಿ ಕಾವಲುಗಾರರನ್ನು ಕರೆಯುವುದೇ ಹಾಗೆ. ಆವರಣದ ಮಾಲೀಕರಾದ ಡಾಕ್ಟರು ಮಂಗಳೂರಿನವರು. ಕ್ರಿಸ್ಮಸ್ ಊಟಕ್ಕೆಂದು ಕಪ್ಪು ಟರ್ಕಿಯೊಂದನ್ನು ತಂದು ಹಿತ್ತಲಲ್ಲಿ ಬಿಟ್ಟಿದ್ದರು. ಒಂದು ಬುಧವಾರ ಬೆಳಿಗ್ಗೆ ಅದು ಕಾಣಲಿಲ್ಲ. ಎಂಟು ಗಂಟೆಯೊಳಗೆ ವಾಟ್ಸಾಪ್ ಗುಂಪಿನಲ್ಲಿ ಡಾಕ್ಟರ ತೀರ್ಪು ಬಂತು: ಅಸ್ಕಾರಿ ಗೇಟು ತೆರೆದಿಟ್ಟು ಮಲಗಿದ್ದಾನೆ, ಶನಿವಾರಕ್ಕೆ ಅವನ ಕೆಲಸ ಮುಗಿಯಿತು.

ನಾನು ಮೂವತ್ತು ವರ್ಷ ಟೀಚರ್, ಜೊತೆಗೆ ಹಾಸ್ಟೆಲ್ ವಾರ್ಡನ್ ಆಗಿದ್ದವಳು. ಸಂಜೆ ಏಳಕ್ಕೊಮ್ಮೆ, ಬೆಳಿಗ್ಗೆ ಆರಕ್ಕೊಮ್ಮೆ ಗೇಟಿನ ಚಿಲಕ ಎಳೆದು ನೋಡದಿದ್ದರೆ ನನಗೆ ಕಾಫಿ ಇಳಿಯುವುದಿಲ್ಲ. ಆ ದಿನವೂ ನೋಡಿದ್ದೆ. ನೆಟ್ಟಗೆ ಹೋಗಿ ಹೇಳಿದೆ.

“ಚಿಲಕ ಹಾಕಿತ್ತು ಡಾಕ್ಟ್ರೇ. ನಾನೇ ನೋಡಿದೀನಿ.”

“ಮತ್ತೆ ಅದು ಹೋದದ್ದು ಹೇಗೆ ಟೀಚರ್? ಟರ್ಕಿ ಹಾರ್ತದಾ? ಅದೆಂತ ಗಿಡುಗನಾ?”

“ಹಾರಿರಬಹುದು.”

“ನೀವು ಸೊಪ್ಪು ತಿನ್ನುವವರು. ನಿಮಗೆ ಕೋಳಿ ವಿಷಯ ಎಂತ ಗೊತ್ತು ಮಾರಾಯ್ರೇ!”

ಮೈ ಉರಿದುಹೋಯಿತು. ನಾನು ಕಣ್ಣಾರೆ ಕಂಡದ್ದಕ್ಕೆ ಬೆಲೆಯಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಡವಾಗಿ ಬಾರದ ಮನುಷ್ಯನ ಮಾತಿಗೂ ಬೆಲೆಯಿಲ್ಲ. ಮೆತ್ತನೆಯ ಕುರ್ಚಿಯಲ್ಲಿ ಕೂತು ಮಾಡಿದ ಊಹೆಗೆ ಮಾತ್ರ ಬೆಲೆ. ಆ ಅಸ್ಕಾರಿಗೆ ಅರವತ್ತು ದಾಟಿತ್ತು. ಇಲ್ಲಿಂದ ಕಳಿಸಿದರೆ ನೈರೋಬಿಯಲ್ಲಿ ಯಾವ ಗೇಟೂ ಅವನನ್ನು ಇಟ್ಟುಕೊಳ್ಳುವುದಿಲ್ಲ.

ಆ ಸಂಜೆ ಪಕ್ಷಿಯನ್ನು ಹುಡುಕಿದವನೂ ಅವನೇ. ಮನೆಗಳ ಹಿಂದೆ ಒಂದು ತೊರೆ, ಅದರ ಪಕ್ಕ ಪೊದೆ ಬೆಳೆದ ಕೊರಕಲು. ಟರ್ಕಿ ಅಲ್ಲಿ ಆರಾಮವಾಗಿ ಮೇಯುತ್ತಿತ್ತಂತೆ. ಮನುಷ್ಯರ ನೆರಳು ಕಂಡರೆ ಸಾಕು, ಮಾಯ. ಅದರ ಕಣ್ಣು ತಪ್ಪಿಸದೆ ಹಿಡಿಯುವ ಹಾಗಿರಲಿಲ್ಲ.

“ಮಿಲಿಟರಿ ಬಟ್ಟೆ ತಂದುಕೊಡ್ಲೇನೇ?” ಎಂದರು ನಮ್ಮ ಯಜಮಾನರು, ಪತ್ರಿಕೆಯಿಂದ ತಲೆಯೆತ್ತದೆ.

“ಪೊಲೀಸ್ರು ನನ್ನ ಎಳ್ಕೊಂಡು ಹೋಗ್ಲಿ ಅಂತಲೇನ್ರೀ?”

ಈ ದೇಶದಲ್ಲಿ ಸೈನಿಕರ ಮಚ್ಚೆಬಟ್ಟೆಯನ್ನು ನಾವು ತೊಡುವಂತಿಲ್ಲ. ಹಾಗಾಗಿ ಪಾಚಿ ಬಣ್ಣದ ಹಳೆಯ ಹತ್ತಿ ಸೀರೆ ತೆಗೆದೆ. ಬಿಳಿ ತಲೆ ಮುಚ್ಚಲು ಕಂದು ಶಾಲು. ಕೈಗಳಿಗೆ ಯಜಮಾನರ ಕಂದು ಕಾಲುಚೀಲ. ಅವರು ಪತ್ರಿಕೆ ಕೆಳಗಿಟ್ಟು ನಕ್ಕರು. ನಗಲಿ.

ಗುರುವಾರ ಬೆಳಗಾಗುವ ಮೊದಲೇ ನಾನು, ಅಸ್ಕಾರಿ ಇಬ್ಬರೂ ಹೋಗಿ ದೊಡ್ಡ ನೀಲಗಿರಿ ಮರಕ್ಕೆ ಬೆನ್ನು ಕೊಟ್ಟು ಕೂತೆವು. ಮುಂದೆ ಮೆಕ್ಕೆಜೋಳ ಚೆಲ್ಲಿದ್ದೆವು. ಆರೂಕಾಲಿಗೆ ಅದು ಬಂತು. ನಾನು ಉಸಿರು ಬಿಗಿಹಿಡಿದು ಮೊಣಕಾಲು ಒಂದಿಷ್ಟೇ ಸರಿಸಿದೆ. ಸರಸರ! ಟರ್ಕಿ ಕತ್ತು ನೀಳ ಮಾಡಿ ನೋಡಿತು, ನಾಲ್ಕು ಹೆಜ್ಜೆ ಓಡಿತು, ರೆಕ್ಕೆ ಬಡಿದು ಎದುರಿನ ಮರ ಏರಿತು.

“ಮಾಮಾ, ನಿಮ್ಮ ಬಟ್ಟೆ ಮಾತಾಡುತ್ತಿದೆ,” ಎಂದ ಅಸ್ಕಾರಿ ಸ್ವಾಹಿಲಿಯಲ್ಲಿ. ಮಾಮಾ ಎಂದರೆ ಇಲ್ಲಿ ಅಮ್ಮ.

ಗಂಜಿ! ನನ್ನ ಮನೆಯಲ್ಲಿ ಹತ್ತಿ ಸೀರೆ ಗಂಜಿ ಹಾಕದೆ, ಇಸ್ತ್ರಿ ಮಾಡದೆ ಬೀರು ಸೇರಿದ್ದೇ ಇಲ್ಲ. ಕಾಗದದಂತೆ ಗರಿಗರಿಯಾಗಿದ್ದ ಸೀರೆ ಉಟ್ಟು ನಾನು ಅಡಗಿ ಕೂತಿದ್ದೆ. ನನ್ನ ಮೇಲೇ ಸಿಟ್ಟು ಬಂತು. ಆದರೂ ಅದು ಹಾರಿದ್ದನ್ನು ನೋಡಿದೆನಲ್ಲ! ನೇರ ಡಾಕ್ಟರ ಬಳಿ ಹೋದೆ.

“ಹೆದರಿ ಜಿಗಿದದ್ದಿರಬೇಕು,” ಎಂದು ಅವರು ಕಾರು ಹತ್ತಿದರು.

ಮನೆಗೆ ಬಂದು ಸೀರೆಯನ್ನು ಬರೀ ನೀರಿನಲ್ಲಿ ಎರಡು ಸಲ ಜಾಲಿಸಿ, ಹಿಂಡಿ, ನೆರಳಲ್ಲಿ ಒಣಗಿಸಿದೆ. ಶುಕ್ರವಾರ ಅದನ್ನು ಮುದುಡಿದ ಹಾಗೇ ಉಟ್ಟು ಹೊರಟೆ. ಹಾಸ್ಟೆಲಿನ ಹುಡುಗಿಯರು ಯಾರಾದರೂ ಹಾಗೆ ಬಂದಿದ್ದರೆ ಬಾಗಿಲಲ್ಲೇ ನಿಲ್ಲಿಸುತ್ತಿದ್ದೆ. ಮುಕ್ಕಾಲು ಗಂಟೆ ಕಣ್ಣೆವೆ ಬಿಟ್ಟರೆ ಬೇರೇನನ್ನೂ ಅಲುಗಿಸಲಿಲ್ಲ. ಟರ್ಕಿ ಕಾಳು ಹೆಕ್ಕುತ್ತ ಹೆಕ್ಕುತ್ತ ನನ್ನ ಪಾದದವರೆಗೂ ಬಂತು. ಅಸ್ಕಾರಿ ಹಳೆಯ ಸೊಳ್ಳೆಪರದೆ ಎಸೆದ. ಇಬ್ಬರೂ ಅದರ ಮೇಲೆ ಬಿದ್ದೆವು.

ಕಾಲು ಕಟ್ಟಿ ತಂದಾಗ ಡಾಕ್ಟರು ಅಂಗಳದಲ್ಲಿ ಚಹಾ ಕುಡಿಯುತ್ತಿದ್ದರು. “ಅಬ್ಬಾ! ಸಿಕ್ಕಿತಲ್ಲ, ಇನ್ನು ಬಿಡಿ ಟೀಚರ್. ಅವ ಇರಲಿ, ಈ ಸಲ ಕ್ಷಮಿಸುವ.”

ಕ್ಷಮಿಸುವುದಂತೆ! ಮಾಡದ ತಪ್ಪಿಗೆ ಕ್ಷಮೆ ಪಡೆದು ಅವನು ಜೀವಮಾನವೆಲ್ಲ ತಲೆ ತಗ್ಗಿಸಿ ಆ ಗೇಟಿನಲ್ಲಿ ನಿಲ್ಲಬೇಕೇ? ನಾನು ಗೇಟಿನ ಚಿಲಕ ಹಾಕಿ, ಟರ್ಕಿಯನ್ನು ಕೆಳಗಿಟ್ಟು ಹಗ್ಗ ಬಿಚ್ಚಿದೆ.

“ಅಯ್ಯಯ್ಯೋ, ಎಂತ ಮಾಡ್ತೀರಿ!”

ಅದು ಓಡಿತು, ರೆಕ್ಕೆ ಬಿಚ್ಚಿತು, ಗೇಟಿನ ಮೇಲಿಂದ ಮೊಳದಷ್ಟು ಎತ್ತರದಲ್ಲಿ ಹಾರಿ ಆಚೆ ಇಳಿಯಿತು. ಡಾಕ್ಟರು ಚಿಲಕ ನೋಡಿದರು, ಆಕಾಶ ನೋಡಿದರು, ಚಹಾದ ಲೋಟ ಕೆಳಗಿಟ್ಟರು.

“ಅವನಿಗೆ ಹೇಳಿ,” ಎಂದೆ. “ನನಗಲ್ಲ.”

ಅವರು ಅಸ್ಕಾರಿಯ ಹತ್ತಿರ ಹೋಗಿ, ಗೇಟು ಮುಚ್ಚಿಯೇ ಇತ್ತು, ತಪ್ಪು ನನ್ನದು ಎಂದು ಸ್ವಾಹಿಲಿಯಲ್ಲಿ ಹೇಳಿದರು. ಮೆಲ್ಲಗೆ ಹೇಳಿದರು. ಕೇಳಿಸಲಿಲ್ಲ ಎಂದೆ. ಮತ್ತೊಮ್ಮೆ ಹೇಳಿದರು.

ಮರುದಿನ ಬೆಳಗಿನ ಜಾವ ಕೊರಕಲಿನಲ್ಲಿ ಮೈಗೆ ಕಂಬಳಿ ಸುತ್ತಿಕೊಂಡು ಡಾಕ್ಟರು ಕೂತಿದ್ದರು. ಪಕ್ಕದಲ್ಲಿ ಅಸ್ಕಾರಿ, ತುಟಿಯ ಮೇಲೆ ಬೆರಳಿಟ್ಟು, ಅಲುಗಬೇಡಿ ಎಂದು ಅವರನ್ನು ಗದರುತ್ತಿದ್ದ.